ಮೂರು ಮಿಲಿಗ್ರಾಂ ಮದ್ದು, ಆರು ಕಿಲೋ ಎಲೆ

ಎಳೆಮಕ್ಕಳ ಕಣ್ಣಿಗೆ ಬರುವ ಅಪರೂಪದ ಕ್ಯಾನ್ಸರಿಗೆ ಕೊಡುವ ಔಷಧಗಳಲ್ಲಿ ಕೆಲವು ಹುಟ್ಟಿದ್ದು ಹಿತ್ತಲಲ್ಲಿ, ಹಿಮಾಲಯದಲ್ಲಿ, ನಮ್ಮದೇ ಘಟ್ಟದ ಕಾಡಿನಲ್ಲಿ. ಎಲೆಯಿಂದ ಮಗುವಿನ ರಕ್ತನಾಳದವರೆಗಿನ ದಾರಿ ಮಾತ್ರ ಬಹಳ ಉದ್ದ.

ಬೆಂಗಳೂರಿನ ಆಸ್ಪತ್ರೆಯೊಂದರ ಡೇ ಕೇರ್ ವಾರ್ಡು. ಮಧ್ಯಾಹ್ನ ಹನ್ನೆರಡು ದಾಟಿತ್ತು. ಹದಿನಾಲ್ಕು ತಿಂಗಳ ಗಂಡುಮಗು ಅಜ್ಜಿಯ ತೊಡೆಯ ಮೇಲೆ ಕೂತು, ನೆನೆದ ಬಿಸ್ಕತ್ತನ್ನು ತಾನು ತಿನ್ನುವುದಕ್ಕಿಂತ ಹೆಚ್ಚಾಗಿ ಅಜ್ಜಿಯ ಸೆರಗಿಗೆ ತಿನ್ನಿಸುತ್ತಿತ್ತು. ನರ್ಸ್ ಬಂದು ಅದರ ಕೈಪಟ್ಟಿಯ ಹೆಸರು ಓದಿದರು. ಹಿಂದೆಯೇ ಬಂದ ಇನ್ನೊಬ್ಬ ನರ್ಸ್ ಅದನ್ನೇ ಮತ್ತೊಮ್ಮೆ ಓದಿದರು. ತೂಕ? ಹತ್ತು ಕಿಲೋ. ಡೋಸ್? ಪಾಯಿಂಟ್ ಫೈವ್. ಇಬ್ಬರ ಬಾಯಲ್ಲೂ ಒಂದೇ ಅಂಕಿ ಬಂದ ಮೇಲೆ ಸಣ್ಣದೊಂದು ಸಲೈನ್ ಚೀಲವನ್ನು ಸ್ಟ್ಯಾಂಡಿಗೆ ನೇತುಹಾಕಿದರು. ಚೀಲದ ಮೇಲೊಂದು ಚೀಟಿ: ರಕ್ತನಾಳಕ್ಕೆ ಮಾತ್ರ, ಬೇರೆ ದಾರಿಯಲ್ಲಿ ಕೊಟ್ಟರೆ ಪ್ರಾಣಾಪಾಯ.

“ನೀರಿದ್ದಂಗಿದೆಯಲ್ಲ ಸಿಸ್ಟ್ರೇ, ಇದ್ರಲ್ಲಿ ಏನಿದೆ?” ಅಜ್ಜಿ ಕೇಳಿದರು. ತರೀಕೆರೆ ಕಡೆಯವರು.

“ಕೀಮೋ ಅಜ್ಜಿ.”

“ಅಂದ್ರೆ?”

ನರ್ಸಿಗೆ ಇನ್ನೂ ಆರು ಮಂಚ ಬಾಕಿ ಇತ್ತು. ಪಕ್ಕದ ಸ್ಟೂಲಿನಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದ ನಾನು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ತೋರಿಸಿದೆ. ಐದೆಸಳಿನ ಗುಲಾಬಿ ಬಣ್ಣದ ಹೂ, ನಡುವೆ ಕಡುಗೆಂಪು ಚುಕ್ಕಿ. “ಈ ಗಿಡದಿಂದ ತೆಗೆದ ಔಷಧ ಅಜ್ಜಿ.”

“ಅಯ್ಯೋ ಇದಾ? ನಿತ್ಯಪುಷ್ಪ ಅಲ್ವಾ? ನಮ್ಮನೆ ಕೊಟ್ಟಿಗೆ ಹಿಂದೆ ಬೇಕಾದಷ್ಟಿದೆ. ದನಾನೂ ಮೂಸಲ್ಲ ಅದನ್ನ.”

ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದರು. ಆಮೇಲೆ ದನಿ ಇಳಿಸಿ, ಯಾರೂ ಕೇಳದೇ ಇದ್ದರೂ, ತಾವೇ ಹೇಳಿಕೊಂಡರು. ಮಗುವಿನ ಬಲಗಣ್ಣು ಬೆಳ್ಳಗೆ ಹೊಳೆದಿದ್ದನ್ನು ಮೊದಲು ಕಂಡವರು ಅವರೇ. ಪೊರೆ ಬಂದಿರಬೇಕು ಅಂದುಕೊಂಡರು. ಎರಡು ತಿಂಗಳು ದಿನಾ ಬೆಳಿಗ್ಗೆ ನಂದಿಬಟ್ಟಲು ಹೂವಿನ ರಸ ಹಿಂಡಿ ಬಿಟ್ಟರು. “ಕಣ್ಣಿಗೆ ತಂಪು ಅಂತ ನಮ್ಮಮ್ಮನೂ ಬಿಡೋಳು.”

ನಂದಿಬಟ್ಟಲು, ನಿತ್ಯಪುಷ್ಪ ಎರಡೂ ಕಣಗಿಲೆಯ ಕುಟುಂಬಕ್ಕೇ ಸೇರಿದ ಗಿಡಗಳು ಎಂದು ಆ ಕ್ಷಣ ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಬೆಕ್ಕಿನ ಕಣ್ಣು

ಆ ಮಗುವಿಗೆ ಇದ್ದದ್ದು ರೆಟಿನೊಬ್ಲಾಸ್ಟೊಮಾ. ಕಣ್ಣಿನ ಒಳಗೋಡೆಯ ಅಕ್ಷಿಪಟಲದಲ್ಲಿ, ಅದು ಇನ್ನೂ ಬೆಳೆಯುತ್ತಿರುವಾಗಲೇ ಹುಟ್ಟುವ ಗೆಡ್ಡೆ. ಹುಟ್ಟುವ 15,000ರಿಂದ 20,000 ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. ಅಪರೂಪದ ರೋಗ ಅನ್ನುವುದು ಲೆಕ್ಕಕ್ಕೆ ನಿಜ. ಆದರೆ ನಮ್ಮಷ್ಟು ಮಕ್ಕಳು ಹುಟ್ಟುವ ದೇಶದಲ್ಲಿ ಅಪರೂಪವೂ ಸಾವಿರದ ಲೆಕ್ಕಕ್ಕೆ ಬರುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 8,000 ಮಕ್ಕಳಿಗೆ ಇದು ಬರುತ್ತದೆಂಬ ಅಂದಾಜಿದೆ. ಅದರಲ್ಲಿ ದೊಡ್ಡ ಪಾಲು ಭಾರತದ್ದು.

ಕಾರಣ ಹದಿಮೂರನೇ ವರ್ಣತಂತುವಿನ ಮೇಲಿರುವ ಆರ್‌ಬಿ1 ಎಂಬ ಜೀನು. ಜೀವಕೋಶ ಅಂಕೆ ಮೀರಿ ಒಡೆಯದಂತೆ ಲಗಾಮು ಹಿಡಿಯುವುದು ಅದರ ಕೆಲಸ. ಎಲ್ಲರಲ್ಲೂ ಅದರ ಎರಡು ಪ್ರತಿ ಇರುತ್ತವೆ. ಎರಡೂ ಕೆಟ್ಟರೆ ಲಗಾಮು ಹರಿಯುತ್ತದೆ. 1971ರಲ್ಲಿ ಆಲ್ಫ್ರೆಡ್ ನಡ್ಸನ್ ಎಂಬ ಅಮೆರಿಕದ ವೈದ್ಯ ಈ ‘ಎರಡು ಪೆಟ್ಟಿನ’ ಊಹೆಯನ್ನು ಕಟ್ಟಿದ್ದು ಇದೇ ರೋಗದ ಮಕ್ಕಳ ವಯಸ್ಸಿನ ಲೆಕ್ಕ ಹಾಕುತ್ತ. ಯಾವ ದೊಡ್ಡ ಯಂತ್ರವೂ ಇರಲಿಲ್ಲ. ಆಸ್ಪತ್ರೆಯ ಕಡತ, ಗ್ರಾಫ್ ಹಾಳೆ, ಅಷ್ಟೇ. ಕ್ಯಾನ್ಸರಿನ ಬಗ್ಗೆ ಇವತ್ತು ನಮಗೆ ಗೊತ್ತಿರುವುದರಲ್ಲಿ ಎಷ್ಟೋ ಭಾಗ ಈ ಪುಟ್ಟ ಕಣ್ಣುಗಳ ಋಣ.

ಮೊದಲ ಗುರುತು ಪಾಪೆಯೊಳಗಿನ ಬಿಳಿ ಹೊಳಪು. ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆದ ಹಾಗೆ. ಈಗಿನ ಕಾಲದಲ್ಲಿ ಅದು ಬಹಳ ಸಲ ಮೊದಲು ಕಾಣುವುದು ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ: ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಳ್ಳಗೆ. ಎರಡನೆಯ ಗುರುತು ಮೆಳ್ಳೆಗಣ್ಣು. ಮೆಳ್ಳೆಗಣ್ಣು ಅದೃಷ್ಟ ಎಂದು ಹೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದೃಷ್ಟವೋ ಅಲ್ಲವೋ, ಹೊಸದಾಗಿ ಕಂಡ ಮೆಳ್ಳೆಯನ್ನು ಕಣ್ಣಿನ ವೈದ್ಯರಿಗೆ ತೋರಿಸಲೇಬೇಕು.

1809ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ವಾರ್ಡ್ರಾಪ್ ಎಂಬ ಶಸ್ತ್ರವೈದ್ಯ ಈ ರೋಗವನ್ನು ವಿವರವಾಗಿ ಬರೆದು, ಕಣ್ಣನ್ನು ಬೇಗ ತೆಗೆದುಹಾಕಿದರೆ ಜೀವ ಉಳಿಯಬಹುದು ಎಂದು ವಾದಿಸಿದ. ಅರಿವಳಿಕೆಯೇ ಇಲ್ಲದ ಕಾಲದಲ್ಲಿ ಹೇಳಿದ ಮಾತು ಅದು. ಇಪ್ಪತ್ತನೇ ಶತಮಾನದಲ್ಲಿ ವಿಕಿರಣ ಬಂತು, ಕಣ್ಣುಗಳು ಉಳಿದವು. ಆದರೆ ಕೆಟ್ಟ ಜೀನನ್ನು ಹುಟ್ಟಿನಿಂದಲೇ ಹೊತ್ತ ಮಕ್ಕಳಿಗೆ ವಿಕಿರಣ ಬಿದ್ದ ಜಾಗದಲ್ಲಿ ವರ್ಷಗಳ ನಂತರ ಬೇರೆ ಕ್ಯಾನ್ಸರ್ ಹುಟ್ಟತೊಡಗಿತು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗಾಯಿತು. 1990ರ ದಶಕದಲ್ಲಿ ವೈದ್ಯರು ಕೀಮೋ ಕಡೆ ತಿರುಗಿದ್ದು ಅದಕ್ಕೇ. ಮೊದಲು ಔಷಧ ಕೊಟ್ಟು ಗೆಡ್ಡೆಯನ್ನು ಕುಗ್ಗಿಸಿ, ಉಳಿದದ್ದನ್ನು ಲೇಸರಿನಿಂದಲೋ ಅತಿಶೀತದಿಂದಲೋ ಸುಡುವ ದಾರಿ. ಮೂರು ಔಷಧಗಳ ಆ ಜೋಡಣೆ ಇವತ್ತಿಗೂ ಬಳಕೆಯಲ್ಲಿದೆ: ವಿನ್‌ಕ್ರಿಸ್ಟಿನ್, ಇಟೊಪೊಸೈಡ್, ಕಾರ್ಬೊಪ್ಲಾಟಿನ್. ಮೂರು, ನಾಲ್ಕು ವಾರಕ್ಕೊಮ್ಮೆ, ಸಾಮಾನ್ಯವಾಗಿ ಆರು ಸುತ್ತು. ಮೂರನೆಯದು ಪ್ಲಾಟಿನಂ ಲೋಹದ್ದು. ಮೊದಲೆರಡು ಗಿಡದ್ದು.

ಲಕೋಟೆಯಲ್ಲಿ ಬಂದ ಎಲೆ

ನಿತ್ಯಪುಷ್ಪ ನಮ್ಮ ನೆಲದ್ದಲ್ಲ, ಮಡಗಾಸ್ಕರ್ ದ್ವೀಪದ್ದು. ಆದರೆ ಇಲ್ಲಿ ಎಷ್ಟು ಒಗ್ಗಿಹೋಗಿದೆ ಎಂದರೆ ಕಾಂಪೌಂಡಿನ ಬಿರುಕಿನಲ್ಲೂ ಚರಂಡಿಯ ಅಂಚಿನಲ್ಲೂ ತಾನಾಗಿ ಹುಟ್ಟಿ ವರ್ಷವಿಡೀ ಹೂ ಬಿಡುತ್ತದೆ. ಕಾಶಿ ಕಣಗಿಲೆ, ಸದಾಪುಷ್ಪ ಎಂದೂ ಕರೆಯುತ್ತೇವೆ. ತಮಿಳರು ಸುಡುಗಾಡಿನ ಮಲ್ಲಿಗೆ ಅನ್ನುತ್ತಾರೆ. ಮಲಯಾಳದ ಹೆಸರಿಗಂತೂ ಹೆಣದ ನಾತದ್ದು ಎಂದೇ ಅರ್ಥ. ಸಾವಿನ ಜೊತೆ ಹೆಸರು ಹಚ್ಚಿಕೊಂಡ ಹೂವೊಂದು ಮಕ್ಕಳ ವಾರ್ಡಿಗೆ ಬಂದು ಸೇರಿದ ಕಥೆ ಶುರುವಾಗುವುದು ಸಕ್ಕರೆ ಕಾಯಿಲೆಯಿಂದ.

1952ರಲ್ಲಿ ಕೆನಡಾದ ಟೊರೊಂಟೊದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಜಮೈಕಾದಿಂದ ಲಕೋಟೆಯೊಂದು ಬಂತು. ಒಳಗೆ ಇಪ್ಪತ್ತೈದು ಎಲೆ. ಅಲ್ಲಿಯ ಜನ ಇದರ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಾರೆ, ಪರೀಕ್ಷೆ ಮಾಡಿ ಎಂಬುದು ಒಕ್ಕಣೆ. (ಈ ಕ್ಲಾರ್ಕ್ ನೋಬಲ್ ಅವರಿಗೂ ಸಕ್ಕರೆ ಕಾಯಿಲೆಗೂ ಹಳೆಯ ನಂಟು. 1921ರಲ್ಲಿ ಇನ್ಸುಲಿನ್ ಪ್ರಯೋಗಕ್ಕೆ ಸಂಶೋಧಕ ಬ್ಯಾಂಟಿಂಗ್ ಜೊತೆ ಮೊದಲು ಯಾರು ಕೆಲಸ ಮಾಡಬೇಕು ಎಂದು ಇಬ್ಬರು ವಿದ್ಯಾರ್ಥಿಗಳು ನಾಣ್ಯ ಚಿಮ್ಮಿದರಂತೆ. ಗೆದ್ದವರು ಚಾರ್ಲ್ಸ್ ಬೆಸ್ಟ್. ಸೋತವರು ಇವರು.) ನಿವೃತ್ತರಾಗಿದ್ದ ಕ್ಲಾರ್ಕ್ ಎಲೆಗಳನ್ನು ತಮ್ಮ ರಾಬರ್ಟನಿಗೆ ದಾಟಿಸಿದರು. ರಾಬರ್ಟ್ ನೋಬಲ್ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ಸಂಶೋಧಕ. ಇಲಿಗಳಿಗೆ ಕಷಾಯ ಕುಡಿಸಿ ನೋಡಿದರು. ರಕ್ತದ ಸಕ್ಕರೆ ಇಳಿಯಲಿಲ್ಲ. ಸಾರವನ್ನು ಚುಚ್ಚಿದಾಗ ಇಲಿಗಳು ಸೋಂಕು ತಗಲಿ ಸತ್ತವು.

ಬೇರೆಯವರಾಗಿದ್ದರೆ ಅಲ್ಲಿಗೇ ಕಡತ ಮುಚ್ಚುತ್ತಿದ್ದರು. ನೋಬಲ್, ಯಾಕೆ ಸತ್ತವು ಎಂದು ಕೇಳಿದರು. ಇಲಿಗಳ ಬಿಳಿ ರಕ್ತಕಣ ಬಿದ್ದುಹೋಗಿತ್ತು. ಬಿಳಿ ರಕ್ತಕಣವನ್ನು ಬೀಳಿಸುವ ಎಲೆ, ಬಿಳಿ ರಕ್ತಕಣ ಉಕ್ಕುವ ಲ್ಯೂಕೇಮಿಯಾಕ್ಕೆ ಆಗಬಾರದೇಕೆ? ರಸಾಯನತಜ್ಞ ಚಾರ್ಲ್ಸ್ ಬಿಯರ್ ಜೊತೆ ಸೇರಿ 1958ರ ಹೊತ್ತಿಗೆ ವಿನ್‌ಬ್ಲಾಸ್ಟಿನ್ ಅನ್ನು ಬೇರ್ಪಡಿಸಿದರು. ಅತ್ತ ಅಮೆರಿಕದ ಎಲೈ ಲಿಲ್ಲಿ ಕಂಪನಿಯಲ್ಲಿ ಗಾರ್ಡನ್ ಸ್ವೊಬೊಡಾ ಅದೇ ಗಿಡದ ಹಿಂದೆ ಬಿದ್ದಿದ್ದರು. ಅವರ ತಂಡ ಕಂಡದ್ದು ವಿನ್‌ಕ್ರಿಸ್ಟಿನ್. 1963ರಲ್ಲಿ ಅದಕ್ಕೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು.

ಅದು ಮಾಡುವ ಕೆಲಸ ಸರಳ, ಕ್ರೂರ. ಕೋಶವೊಂದು ಎರಡಾಗಿ ಒಡೆಯುವಾಗ ವರ್ಣತಂತುಗಳನ್ನು ಇಬ್ಬದಿಗೆ ಎಳೆಯಲು ಒಳಗೆ ಸೂಕ್ಷ್ಮವಾದ ಹಗ್ಗಗಳು ಹೆಣೆದುಕೊಳ್ಳಬೇಕು. ವಿನ್‌ಕ್ರಿಸ್ಟಿನ್ ಆ ಹಗ್ಗ ಹೊಸೆಯದಂತೆ ತಡೆಯುತ್ತದೆ. ಒಡೆಯಲು ಹೊರಟ ಕೋಶ ಅರ್ಧದಲ್ಲೇ ಸಿಕ್ಕಿಬಿದ್ದು ಸಾಯುತ್ತದೆ. ನರಗಳ ಒಳಗೂ ಇದೇ ಹಗ್ಗದ ಸಾಗಣೆಯಿದೆ. ಅದಕ್ಕೇ ಈ ಔಷಧ ತೆಗೆದುಕೊಂಡ ಮಕ್ಕಳಿಗೆ ಮಲಬದ್ಧತೆ, ದವಡೆ ನೋವು, ಕೆಲವೊಮ್ಮೆ ಪಾದ ಎತ್ತಿಡಲು ಆಗದಂಥ ನಿತ್ರಾಣ. ರಕ್ತನಾಳದಿಂದ ಆಚೆ ಸೋರಿದರೆ ಚರ್ಮ ಸುಟ್ಟು ಹುಣ್ಣಾಗುತ್ತದೆ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಚುಚ್ಚಿದರೆ ಸಾವು. ಚೀಲದ ಮೇಲಿನ ಚೀಟಿ ಅದಕ್ಕೆ.

ಈಗ ಒಂದು ಲೆಕ್ಕ. ಒಂದು ಗ್ರಾಂ ವಿನ್‌ಕ್ರಿಸ್ಟಿನ್ ತೆಗೆಯಲು ಸುಮಾರು 2,000 ಕಿಲೋ ಒಣ ಎಲೆ ಬೇಕೆಂದು ವಿಜ್ಞಾನಿಗಳು ಹೇಳುತ್ತಾರೆ. ಅಂದರೆ ಒಂದು ಮಿಲಿಗ್ರಾಮಿಗೆ ಎರಡು ಕಿಲೋ. ಮೂರು ವರ್ಷದೊಳಗಿನ ಮಕ್ಕಳಿಗೆ ಡೋಸು ಪ್ರತಿ ಕಿಲೋ ತೂಕಕ್ಕೆ 0.05 ಮಿಲಿಗ್ರಾಂ. ತರೀಕೆರೆಯ ಮಗುವಿಗೆ ಒಂದು ಸಲಕ್ಕೆ ಅರ್ಧ ಮಿಲಿಗ್ರಾಂ, ಅಂದರೆ ಒಂದು ಕಿಲೋ ಒಣ ಎಲೆ. ಆರು ಸುತ್ತಿಗೆ ಮೂರು ಮಿಲಿಗ್ರಾಂ, ಆರು ಕಿಲೋ ಎಲೆ.

ಇದನ್ನು ಕಣ್ಣಾರೆ ನೋಡಬೇಕೆನಿಸಿ ನಮ್ಮ ಹಿತ್ತಲಿನ ಎಂಟು ಗಿಡಗಳನ್ನು ಬೋಳಿಸಿದೆ. ಹತ್ತು ದಿನ ನೆರಳಿನಲ್ಲಿ ಒಣಗಿಸಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ. 72 ಗ್ರಾಂ. ಪೂರಿ ಕರಿಯುವ ಬಾಣಲೆಯಷ್ಟು ದೊಡ್ಡ ಪಾತ್ರೆ ತುಂಬಿದ್ದ ಎಲೆ ಒಣಗಿ ಒಂದು ಮುಷ್ಟಿ ಪುಡಿಯಾಗಿತ್ತು. ಆ ಮಗುವಿನ ಒಂದೇ ಒಂದು ಡೋಸಿಗೆ ಇಂಥ ನೂರಕ್ಕೂ ಹೆಚ್ಚು ಗಿಡ ಬೇಕು. ಅಷ್ಟು ಎಲೆ ತಂದರೂ ಕಷಾಯ ಕಾಸಿದರೆ ಅದರಲ್ಲಿ ವಿನ್‌ಕ್ರಿಸ್ಟಿನ್ ಒಂದೇ ಇರುವುದಿಲ್ಲ. ಇದೊಂದೇ ಗಿಡದಲ್ಲಿ ನೂರಕ್ಕೂ ಹೆಚ್ಚು ಬಗೆಯ ಆಲ್ಕಲಾಯ್ಡುಗಳಿವೆ. ಯಾವುದು ಎಷ್ಟು ಎಂದು ಹೇಳಲು ತಕ್ಕಡಿಗೂ ಬಾರದು, ನಾಲಿಗೆಗೂ ಬಾರದು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ವ್ಯಂಗ್ಯವಾಗಿ ಬಳಸುತ್ತೇವೆ. ಹತ್ತಿರದ್ದಕ್ಕೆ ಬೆಲೆ ಇಲ್ಲ ಎಂದು. ಈ ಗಿಡದ ಮಟ್ಟಿಗೆ ಗಾದೆ ಅಕ್ಷರಶಃ ನಿಜ. ಹಿತ್ತಲಲ್ಲಿ ಇರುವಷ್ಟು ಹೊತ್ತು ಅದು ಮದ್ದಲ್ಲ. ಬೆಳಗ್ಗೆ ಎದ್ದು ಸಕ್ಕರೆ ಕಾಯಿಲೆಗೆಂದು ಇದರ ನಾಲ್ಕು ಎಲೆ ಅಗಿಯುವವರು ಕರ್ನಾಟಕದ ಊರೂರಲ್ಲೂ ಇದ್ದಾರೆ. ಇಲಿಗಳಿಗೆ ಏನಾಯಿತೆಂದು ಅವರು ಒಮ್ಮೆ ಓದಿಕೊಳ್ಳಬೇಕು.

ಎಲೆಯ ಈ ಬಡತನವೇ ಪೂರೈಕೆಯ ತಲೆನೋವೂ ಹೌದು. ತಮಿಳುನಾಡಿನ ಒಣಭೂಮಿ ರೈತರು ಇದನ್ನು ಬೆಳೆಯಾಗಿಯೇ ಬೆಳೆಯುತ್ತಾರೆ. 2019ರಲ್ಲಿ ತಯಾರಕ ಕಂಪನಿಯೊಂದು ಹಿಂದೆ ಸರಿದಾಗ ಅಮೆರಿಕದಂಥ ಅಮೆರಿಕದಲ್ಲೇ ವಿನ್‌ಕ್ರಿಸ್ಟಿನ್‌ಗೆ ಬರ ಬಂದು ಮಕ್ಕಳ ಕ್ಯಾನ್ಸರ್ ವೈದ್ಯರು ಕಂಗಾಲಾದರು. 2022ರಲ್ಲಿ ಡೆನ್ಮಾರ್ಕಿನ ಪ್ರಯೋಗಾಲಯವೊಂದು ಗಿಡದ ಮೂವತ್ತಕ್ಕೂ ಹೆಚ್ಚು ಜೀನುಗಳನ್ನು ಯೀಸ್ಟಿಗೆ ಸೇರಿಸಿ, ವಿನ್‌ಬ್ಲಾಸ್ಟಿನ್‌ನ ಎರಡು ಅರ್ಧಭಾಗಗಳನ್ನು ಅದರಿಂದಲೇ ಮಾಡಿಸಿತು. ಇಡ್ಲಿ, ದೋಸೆ ಹಿಟ್ಟು ಹುಳಿ ಬರಿಸುವವರಿಗೆ ಹುದುಗಿನ ಮಹಿಮೆ ಹೊಸದೇನಲ್ಲ. ಆದರೆ ಹೊಲದ ಕೆಲಸವನ್ನು ಹುದುಗಿನ ತೊಟ್ಟಿಗೆ ತರುವುದು ಸಣ್ಣ ಮಾತಲ್ಲ.

ಕಲ್ಮಶದಲ್ಲಿ ಸಿಕ್ಕ ಔಷಧ

ಎರಡನೆಯ ಚೀಲ ಇಟೊಪೊಸೈಡ್‌ದು. ಇದು ಹನಿ ಹನಿಯಾಗಿ ನಿಧಾನಕ್ಕೆ ಇಳಿಯಬೇಕು, ಗಂಟೆ ಹಿಡಿಯುತ್ತದೆ. ಮಗು ಅಷ್ಟರಲ್ಲಿ ನಿದ್ದೆ ಹೋಗಿತ್ತು.

ಇದರ ಮೂಲ ಪೊಡೊಫಿಲಮ್ ಎಂಬ ಗಿಡದ ಬೇರುಗೆಡ್ಡೆ. ಅದರ ಒಂದು ಜಾತಿ ಅಮೆರಿಕದ ಕಾಡುಗಳಲ್ಲಿದೆ. ಇನ್ನೊಂದು ನಮ್ಮ ಹಿಮಾಲಯದಲ್ಲಿ, ಹಿಮ ಕರಗಿದ ಮೇಲೆ ಕೊಡೆಯಂಥ ಎರಡೆಲೆ ಬಿಚ್ಚಿಕೊಂಡು ಏಳುತ್ತದೆ. ಅಲ್ಲಿಯ ಜನ ‘ಬನ್ ಕಕ್ಡಿ’ ಎನ್ನುತ್ತಾರೆ, ಕಾಡು ಸೌತೆ. ಹಣ್ಣು ಕೆಂಪಗೆ, ತಿನ್ನಲು ಬರುತ್ತದೆ. ಬೇರು ವಿಷ. 1942ರಲ್ಲಿ ಅಮೆರಿಕದ ವೈದ್ಯರೊಬ್ಬರು ಇದರ ರಾಳವನ್ನು ಗುಹ್ಯಭಾಗದ ನರುಲಿಗೆ ಹಚ್ಚಿ ವಾಸಿಮಾಡಿದ್ದನ್ನು ವರದಿ ಮಾಡಿದ ಮೇಲೆ ಔಷಧ ಕಂಪನಿಗಳ ಕಣ್ಣು ಇದರ ಮೇಲೆ ಬಿತ್ತು.

ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯಲ್ಲಿ ನಡೆದದ್ದು ಪತ್ತೇದಾರಿ ಕಾದಂಬರಿಗೆ ಸಲ್ಲುವ ಕಥೆ. ಬೇರಿನ ಸಾರವನ್ನು ಸಂಸ್ಕರಿಸಿ ಮಾಡಿದ ಒಂದು ಮಿಶ್ರಣ ಕ್ಯಾನ್ಸರಿನ ಮೇಲೆ ಕೆಲಸ ಮಾಡುತ್ತಿತ್ತು. ಆದರೆ ಅದರ ಮುಖ್ಯ ಘಟಕಗಳನ್ನು ಒಂದೊಂದಾಗಿ ಶುದ್ಧಮಾಡಿ ಕೊಟ್ಟರೆ ಆ ಗುಣ ಕಾಣುತ್ತಿರಲಿಲ್ಲ. ಹಾಗಾದರೆ ಕೆಲಸ ಮಾಡುತ್ತಿದ್ದವರು ಯಾರು? ಹಾರ್ಟ್‌ಮನ್ ಸ್ಟೇಹೆಲಿನ್ ಮತ್ತು ಆಲ್ಬರ್ಟ್ ಫಾನ್ ವಾರ್ಟ್‌ಬುರ್ಗ್ ಹುಡುಕುತ್ತ ಹೋದಾಗ ಸಿಕ್ಕಿದ್ದು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿದ್ದ ಒಂದು ಕಲ್ಮಶ. ಅದರ ಜಾಡು ಹಿಡಿದು 1966ರಲ್ಲಿ ಇಟೊಪೊಸೈಡ್ ತಯಾರಿಸಿದರು. ಇನ್ನೂ ವಿಚಿತ್ರವೆಂದರೆ ಮೂಲ ಬೇರಿನ ವಸ್ತು ವಿನ್‌ಕ್ರಿಸ್ಟಿನ್ ಹಾಗೆ ಕೋಶದ ಹಗ್ಗವನ್ನು ಕೆಡಿಸುತ್ತಿತ್ತು. ಮಾರ್ಪಡಿಸಿದ ಅಣು ಅದನ್ನು ಬಿಟ್ಟು ಡಿಎನ್‌ಎಯ ಸಿಕ್ಕು ಬಿಡಿಸುವ ಕಿಣ್ವವೊಂದಕ್ಕೆ ಗಂಟುಬಿತ್ತು. ಗಿಡ ಕೊಟ್ಟದ್ದು ಒಂದು, ಮನುಷ್ಯ ಮಾಡಿಕೊಂಡದ್ದು ಇನ್ನೊಂದು. 1983ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಸಿಕ್ಕಿತು. ಬೇಡಿಕೆ ಏರಿ ಹಿಮಾಲಯದ ಗಿಡ ಎಷ್ಟು ಬರಿದಾಯಿತೆಂದರೆ, 1990ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಕಡಿವಾಣವಿದೆ.

ನಮ್ಮ ಘಟ್ಟದ ನಾತದ ಮರ

ಆರು ಸುತ್ತು ಕೀಮೋ ಮುಗಿದರೂ ಕೆಲವು ಮಕ್ಕಳ ಕಣ್ಣಿನೊಳಗಿನ ಲೋಳೆಯಂಥ ದ್ರವದಲ್ಲಿ ಗೆಡ್ಡೆಯ ಪುಡಿ ತೇಲುತ್ತಿರುತ್ತದೆ. ರವೆ ಚೆಲ್ಲಿದ ಹಾಗೆ. ಅಲ್ಲಿ ರಕ್ತನಾಳಗಳಿಲ್ಲ, ಆದ್ದರಿಂದ ರಕ್ತದಲ್ಲಿ ಬಂದ ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಆಗ ವೈದ್ಯರು ಎರಡು ಅಡ್ಡದಾರಿ ಹಿಡಿಯುತ್ತಾರೆ. ಒಂದು, ತೊಡೆಯ ರಕ್ತನಾಳದಿಂದ ಕೂದಲೆಳೆಯಂಥ ನಳಿಕೆ ತೂರಿಸಿ ಕಣ್ಣಿಗೆ ರಕ್ತ ಒಯ್ಯುವ ನಾಳದ ಬಾಯಿಯಲ್ಲೇ ಔಷಧ ಬಿಡುವುದು. ಇನ್ನೊಂದು, ಅತಿ ಸಣ್ಣ ಸೂಜಿಯಿಂದ ನೇರ ಕಣ್ಣಿನೊಳಕ್ಕೇ ಚುಚ್ಚಿ, ಸೂಜಿ ಹೊರಬರುವಾಗ ಆ ತೂತಿನಿಂದ ಕ್ಯಾನ್ಸರ್ ಆಚೆ ಹರಡದಂತೆ ಜಾಗವನ್ನು ಹೆಪ್ಪುಗಟ್ಟಿಸುವುದು. ಈ ಎರಡೂ ದಾರಿಯಲ್ಲಿ ಕೊಡುವ ಔಷಧಗಳಲ್ಲಿ ಟೊಪೊಟೆಕಾನ್ ಒಂದು. ಅದೂ ಮರದ ಕೂಸೇ.

1966ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಮನ್ರೋ ವಾಲ್ ಮತ್ತು ಮನಸುಖ್ ವಾನಿ ಚೀನಾದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ತೆಗೆದರು. ವಾನಿ ನಮ್ಮ ನೆರೆಯ ಮಹಾರಾಷ್ಟ್ರದ ನಂದೂರಬಾರಿನಲ್ಲಿ ಹುಟ್ಟಿದವರು. ಮುಂದೆ ಇದೇ ಜೋಡಿ ಟ್ಯಾಕ್ಸಾಲ್ ಎಂಬ ಕ್ಯಾನ್ಸರ್ ಔಷಧವನ್ನೂ ಲೋಕಕ್ಕೆ ಕೊಟ್ಟಿತು. ಕ್ಯಾಂಪ್ಟೊಥೆಸಿನ್ ಮೊದಲ ಯತ್ನದಲ್ಲಿ ಸೋತಿತು. ರೋಗಿಗಳ ಮೂತ್ರಕೋಶದಲ್ಲಿ ರಕ್ತ ಒಸರಿ ಪ್ರಯೋಗ ನಿಂತಿತು. ನೀರಿನಲ್ಲಿ ಕರಗುವಂತೆ, ದೇಹ ತಾಳಿಕೊಳ್ಳುವಂತೆ ಅದನ್ನು ತಿದ್ದಿ ಟೊಪೊಟೆಕಾನ್ ಮಾಡಿ ಪರವಾನಗಿ ಪಡೆಯುವ ಹೊತ್ತಿಗೆ 1996 ಆಗಿತ್ತು. ಮೂವತ್ತು ವರ್ಷ.

ನಮ್ಮ ಕಥೆ ಇರುವುದು ನಡುವೆ. 1972ರಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಇದೇ ವಸ್ತು ಪಶ್ಚಿಮ ಘಟ್ಟದ ಒಂದು ಸಣ್ಣ ಮರದಲ್ಲಿ ಧಾರಾಳವಾಗಿದೆ ಎಂದು ತೋರಿಸಿದರು. ಸಸ್ಯಶಾಸ್ತ್ರಜ್ಞರಿಗೆ ಅದು ನೊಥಪೊಡೈಟೀಸ್. ಮರಾಠಿಗರಿಗೆ ನರಕ್ಯಾ. ನಮ್ಮವರು ಇಟ್ಟ ಹೆಸರು ದುರ್ವಾಸನೆ ಮರ. ಹೂ ಬಿಟ್ಟ ಕಾಲದಲ್ಲಿ ಪಕ್ಕ ಹಾದರೆ ಹೆಸರಿನ ಬಗ್ಗೆ ಅನುಮಾನ ಉಳಿಯುವುದಿಲ್ಲ. ಹೊರದೇಶದಿಂದ ಬೇಡಿಕೆ ಬಂದಾಗ ಈ ಮರಕ್ಕೆ ಬಂದ ಗತಿ ಶ್ರೀಗಂಧದ್ದೇ: ತೊಗಟೆ, ಕಾಂಡ, ಬೇರು ಎಲ್ಲದರಲ್ಲೂ ಸರಕು ಇದ್ದುದರಿಂದ ಬುಡಸಮೇತ ಕಿತ್ತು, ಚಕ್ಕೆ ಮಾಡಿ, ಮೂಟೆ ಕಟ್ಟಿ ಸಾಗಿಸಿದರು. ಕಾಡಿನಲ್ಲಿ ಕಡಿದವನಿಗೆ ದಿನಗೂಲಿ ಸಿಕ್ಕಿತು.

ಯಾವ ಸೀಮೆಯ ಮರದಲ್ಲಿ ಎಷ್ಟು ಔಷಧವಿದೆ, ಯಾವುದನ್ನು ಉಳಿಸಿ ಬೆಳೆಸಬೇಕು ಎಂದು ಘಟ್ಟದುದ್ದ ಅಲೆದು ಅಳೆದವರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಅವರ ಸಂಗಾತಿಗಳು ಮುಖ್ಯರು. ಶಿರಸಿಯ ಅರಣ್ಯ ಕಾಲೇಜಿನವರೂ ಜೊತೆಯಲ್ಲಿದ್ದರು. ಆ ತಂಡದ ಇನ್ನೊಂದು ಹೆಸರು ಕೆ. ಎನ್. ಗಣೇಶಯ್ಯ. ಹೌದು, ‘ಕನಕ ಮುಸುಕು’ ಬರೆದ ಗಣೇಶಯ್ಯನವರೇ. ಅವರ ಕಾದಂಬರಿಗಳಲ್ಲಿ ನಿಧಿ ಹುಡುಕುವವರನ್ನು ಕಂಡವರಿಗೆ, ಮರದೊಳಗಿನ ಈ ನಿಧಿಯ ಹುಡುಕಾಟ ಅಪರಿಚಿತ ಅನ್ನಿಸಲಾರದು. ಮರದೊಳಗೆ ವಾಸಿಸುವ ಒಂದು ಶಿಲೀಂಧ್ರವೂ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆ ಎಂದು ಭಾರತೀಯ ವಿಜ್ಞಾನಿಗಳು 2005ರಲ್ಲಿ ವರದಿ ಮಾಡಿದಾಗ, ಇನ್ನು ಮರ ಕಡಿಯುವುದೇ ಬೇಡ ಎಂಬ ಆಸೆ ಚಿಗುರಿತು. ಆದರೆ ಪ್ರಯೋಗಾಲಯದಲ್ಲಿ ಮರದಿಂದ ಬೇರ್ಪಟ್ಟ ಇಂಥ ಶಿಲೀಂಧ್ರಗಳು ಕೆಲವೇ ತಲೆಮಾರಿನಲ್ಲಿ ಕೆಲಸ ಮರೆಯುತ್ತವೆ. ತವರು ಬಿಟ್ಟ ಮೇಲೆ ಕೈರುಚಿ ತಪ್ಪಿದ ಹಾಗೆ.

ತಟ್ಟೆಯಲ್ಲಿ ಗೆದ್ದವರು

ಇಷ್ಟು ಓದಿದ ಮೇಲೆ, ‘ಅರಿಶಿನದಿಂದ ಕಣ್ಣಿನ ಕ್ಯಾನ್ಸರ್ ಮಾಯ’ ಎಂಬ ವಾಟ್ಸ್ಆ್ಯಪ್ ಸಂದೇಶ ನಿಮಗೂ ಬಂದಿದ್ದರೆ ಅದರ ಮೂಲ ಎಲ್ಲಿದೆ ನೋಡೋಣ. ಪೂರಾ ಸುಳ್ಳಲ್ಲ, ಅದೇ ತೊಂದರೆ. 1970ರ ದಶಕದಲ್ಲಿ ರೆಟಿನೊಬ್ಲಾಸ್ಟೊಮಾ ಇದ್ದ ಹೆಣ್ಣುಮಗುವೊಂದರ ಗೆಡ್ಡೆಯಿಂದ ತೆಗೆದ ಕೋಶಗಳ ಸಂತತಿ ವೈ79 ಎಂಬ ಹೆಸರಲ್ಲಿ ಪ್ರಪಂಚದ ಪ್ರಯೋಗಾಲಯಗಳಲ್ಲಿ ಇವತ್ತಿಗೂ ಬೆಳೆಯುತ್ತಿದೆ. ಆ ಕೋಶಗಳಿರುವ ಗಾಜಿನ ತಟ್ಟೆಗೆ ಅರಿಶಿನದ ಕರ್ಕ್ಯುಮಿನ್ ಹಾಕಿದರೆ ಅವು ಕುಂದುತ್ತವೆ; ಭಾರತದಲ್ಲೂ ಈ ಪ್ರಯೋಗ ನಡೆದಿದೆ. ಆದರೆ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವುದು ದೊಡ್ಡ ಸಾಹಸವಲ್ಲ. ಸಾಬೂನು ನೀರೂ ಕೊಲ್ಲುತ್ತದೆ. ಪಕ್ಕದ ಒಳ್ಳೆಯ ಕೋಶವನ್ನು ಬಿಟ್ಟು, ರಕ್ತ ದಾಟಿ, ಕಣ್ಣಿನ ಗೋಡೆ ದಾಟಿ, ಬೇಕಾದಷ್ಟು ಹೊತ್ತು ಅಲ್ಲಿ ನಿಂತು ಕೊಲ್ಲಬೇಕು. ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ; ಸೇರಿದ್ದನ್ನೂ ದೇಹ ಬೇಗ ಹೊರಗೆ ಹಾಕುತ್ತದೆ. ಸಾರಿನ ಅರಿಶಿನ ಸಾರಿಗೇ ಇರಲಿ.

ಹೃದ್ರೋಗಕ್ಕೆ ಕೊಡುವ, ಫಾಕ್ಸ್‌ಗ್ಲವ್ ಗಿಡದ ಡಿಗಾಕ್ಸಿನ್ ಕೂಡ ತಟ್ಟೆಯಲ್ಲಿ ಈ ಕೋಶಗಳನ್ನು ಚೆನ್ನಾಗಿ ಕೊಂದಿತು. ಅಷ್ಟೇ ಅಲ್ಲ, ಬೇರೆ ದಾರಿ ಉಳಿದಿಲ್ಲದ ಬೆರಳೆಣಿಕೆಯ ರೋಗಿಗಳ ಕಣ್ಣಿಗೂ ಕೊಟ್ಟು ನೋಡಿದರು. ಅದು ಚಿಕಿತ್ಸೆಯಾಗಿ ನೆಲೆ ನಿಲ್ಲಲಿಲ್ಲ. ನೂರು ಗಿಡ ತಟ್ಟೆಯಲ್ಲಿ ಗೆದ್ದರೆ ವಾರ್ಡಿಗೆ ಬರುವುದು ಒಂದೋ ಎರಡೋ. ನನಗೆ ಇದು ಗಿಡಗಳ ಸೋಲು ಅನ್ನಿಸುವುದಿಲ್ಲ. ಗೆದ್ದ ಒಂದೆರಡರ ಬೆಲೆ ಇದರಿಂದಲೇ ಗೊತ್ತಾಗುತ್ತದೆ.

ಮಕ್ಕಳ ಕಣ್ಣಿನಿಂದ ದೊಡ್ಡವರ ಕಣ್ಣಿಗೆ ಒಂದು ಸಣ್ಣ ತಿರುವು. ದೊಡ್ಡವರ ಕಣ್ಣಿನೊಳಗೆ ಬಣ್ಣದ ಕೋಶಗಳಲ್ಲಿ ಹುಟ್ಟುವ ಯೂವಿಯಲ್ ಮೆಲನೋಮಾ ಎಂಬ ಕ್ಯಾನ್ಸರಿದೆ. ತಿಳಿಗಣ್ಣಿನ ಯುರೋಪಿಯನ್ನರಲ್ಲಿ ಹೆಚ್ಚು, ನಮ್ಮಂಥ ಕರಿಗಣ್ಣಿನವರಲ್ಲಿ ತೀರಾ ಕಡಿಮೆ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಯಕೃತ್ತಿಗೆ ಹರಡುತ್ತದೆ. ಬಹುಪಾಲು ಗೆಡ್ಡೆಗಳಲ್ಲಿ ಕೋಶದೊಳಗಿನ ಒಂದು ಸ್ವಿಚ್ಚು ‘ಆನ್’ ಆಗಿಯೇ ಸಿಕ್ಕಿಹಾಕಿಕೊಂಡಿರುತ್ತದೆ. ಆ ಸ್ವಿಚ್ಚನ್ನು ಆರಿಸುವ ಅಣು 1988ರಲ್ಲೇ ಆರ್ಡಿಸಿಯಾ ಕ್ರೆನಾಟಾ ಎಂಬ ಅಲಂಕಾರದ ಗಿಡದ ಎಲೆಯಲ್ಲಿ ಸಿಕ್ಕಿತ್ತು. ಕೆಂಪು ಮಣಿಯಂಥ ಹಣ್ಣಿನ ಈ ಗಿಡವನ್ನು ಜಪಾನಿಗರು ಹೊಸ ವರ್ಷಕ್ಕೆ ಶುಭವೆಂದು ಮನೆಯಲ್ಲಿಡುತ್ತಾರೆ. ಅದು ಕಣ್ಣಿನ ಕ್ಯಾನ್ಸರಿಗೆ ಬೇಕಾಗುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಸ್ವಿಚ್ಚಿನ ವಿಷಯ ತಿಳಿದದ್ದೇ 2009ರಲ್ಲಿ. ಆಮೇಲೆ ಇನ್ನೊಂದು ಗುಟ್ಟು ಹೊರಬಿತ್ತು: ಆ ಅಣುವನ್ನು ತಯಾರಿಸುವುದು ಗಿಡವೇ ಅಲ್ಲ, ಅದರ ಎಲೆಯಂಚಿನ ಗಂಟುಗಳಲ್ಲಿ ಬಾಡಿಗೆಗಿರುವ ಬ್ಯಾಕ್ಟೀರಿಯಾ. ಆ ಸ್ವಿಚ್ಚು ನಮ್ಮ ಹೃದಯ, ರಕ್ತನಾಳಕ್ಕೂ ಬೇಕಾದದ್ದು. ಎಲ್ಲೆಡೆ ಆರಿಸಿದರೆ ರಕ್ತದೊತ್ತಡ ಕುಸಿಯುತ್ತದೆ. ಅದಕ್ಕೇ ಇದೇ ಬಗೆಯ ಅಣುವನ್ನು ಗೆಡ್ಡೆಯನ್ನಷ್ಟೇ ಹುಡುಕಿ ಹೋಗುವ ಪ್ರತಿಕಾಯದ ಬೆನ್ನಿಗೆ ಕಟ್ಟಿ ಕಳಿಸುವ ಔಷಧವೊಂದು ಮನುಷ್ಯರ ಮೇಲಿನ ಪ್ರಯೋಗದ ಹಂತಕ್ಕೆ ಬಂದಿದೆ.

ಹದಿನಾಲ್ಕು ತಿಂಗಳು, ಮೂವತ್ತು ತಿಂಗಳು

ಮತ್ತೆ ವಾರ್ಡಿಗೆ. 2017ರಲ್ಲಿ ರೋಗ ಪತ್ತೆಯಾದ 153 ದೇಶಗಳ 4,351 ಮಕ್ಕಳ ವಿವರ ಸೇರಿಸಿದ ಒಂದು ಜಾಗತಿಕ ಅಧ್ಯಯನವಿದೆ. ಶ್ರೀಮಂತ ದೇಶಗಳಲ್ಲಿ ಪತ್ತೆಯಾಗುವಾಗ ಮಗುವಿನ ವಯಸ್ಸು ಹದಿನಾಲ್ಕು ತಿಂಗಳ ಆಸುಪಾಸು. ಕಡುಬಡ ದೇಶಗಳಲ್ಲಿ ಮೂವತ್ತು ತಿಂಗಳು. ಕ್ಯಾನ್ಸರ್ ಕಣ್ಣುಗುಡ್ಡೆ ದಾಟಿ ಹೊರಬಂದ ಮೇಲೆ ಆಸ್ಪತ್ರೆಗೆ ಬಂದವರು ಶ್ರೀಮಂತ ದೇಶಗಳಲ್ಲಿ ನೂರಕ್ಕೆ 1.5, ಕಡುಬಡ ದೇಶಗಳಲ್ಲಿ 49. ಕಣ್ಣಿನೊಳಗಿರುವಾಗ ಸಿಕ್ಕಿದರೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಬದುಕುವ ರೋಗ ಇದು. ಔಷಧ ಎರಡೂ ಕಡೆ ಒಂದೇ, ಅದೇ ನಿತ್ಯಪುಷ್ಪ, ಅದೇ ಹಿಮಾಲಯದ ಬೇರು. ವ್ಯತ್ಯಾಸ ಆ ಹದಿನಾರು ತಿಂಗಳದ್ದು.

ಹೂವಿನ ರಸ ಕಣ್ಣಿಗೆ ಬಿಡುವುದನ್ನು ನಾನು ಮೂಢನಂಬಿಕೆ ಎಂದು ಜರೆಯಲಾರೆ. ಆ ಅಜ್ಜಿಗೆ ಹತ್ತಿರದಲ್ಲಿ ಇದ್ದದ್ದು ಅದು. ಕಣ್ಣಿನ ವೈದ್ಯರಿಗಾಗಿ ಬಸ್ಸು ಹತ್ತಬೇಕಿತ್ತು, ಮಗನ ರಜೆ ಬೇಕಿತ್ತು. ಆದರೆ ಕುದಿಸದ, ಸೋಸದ ಹಸಿರಸದಿಂದ ಕಣ್ಣಿನ ಕರಿಗುಡ್ಡೆಗೆ ಸೋಂಕು ತಗಲಿ ಹುಣ್ಣಾಗುವುದನ್ನು ನೇತ್ರವೈದ್ಯರು ನೋಡುತ್ತಲೇ ಇರುತ್ತಾರೆ. ಅದಕ್ಕಿಂತ ದೊಡ್ಡ ನಷ್ಟ, ರಸ ಬಿಡುತ್ತ ಕಾದ ದಿನಗಳು. ಗೆಡ್ಡೆ ಕಾಯುವುದಿಲ್ಲ. ಬೆಂಗಳೂರಿನ ಕಿದ್ವಾಯಿ, ನಾರಾಯಣ ನೇತ್ರಾಲಯದಂಥ ಕಡೆ ಇದಕ್ಕೆ ಚಿಕಿತ್ಸೆ ಇದೆ. ಅಲ್ಲಿಗೆ ತಲುಪುವ ಮೊದಲಿನ ದಾರಿಯಲ್ಲಿ, ಲಸಿಕೆಗೆ ಬಂದ ಮಗುವಿನ ಪಾಪೆಯನ್ನು ಟಾರ್ಚು ಬಿಟ್ಟು ನೋಡುವ ಒಬ್ಬ ನರ್ಸಮ್ಮ, ಒಬ್ಬ ಆಶಾ ಕಾರ್ಯಕರ್ತೆ ಇದ್ದರೆ ಸಾಕು. ಅರ್ಧ ನಿಮಿಷದ ಕೆಲಸ.

ಮೂರು ವಾರ ಕಳೆದು ಎರಡನೇ ಸುತ್ತಿಗೆ ಬಂದಾಗ ಅಜ್ಜಿ ನನ್ನ ಗುರುತು ಹಿಡಿದರು. ಊರಿಗೆ ಹೋದಾಗ ಕೊಟ್ಟಿಗೆ ಹಿಂದಿನ ಗಿಡಗಳನ್ನು ನೋಡಿ ಬಂದರಂತೆ. ಮಗನಿಗೆ ಕೀಳಬೇಡ ಎಂದು ಹೇಳಿದ್ದಾರೆ. “ಎಲೆ ಗಿಲೆ ಅರೆದು ಕೊಡಲ್ಲ ಬಿಡಿ,” ನಾನು ಕೇಳುವ ಮೊದಲೇ ಅಂದರು. “ಇರ್ಲಿ ಅಂತ, ಅಷ್ಟೇ.”

ನರ್ಸುಗಳಿಬ್ಬರೂ ಬಂದರು. ಮಗುವನ್ನು ತಕ್ಕಡಿಯ ಮೇಲೆ ಕೂರಿಸಿದರು. ಅದು ತಕ್ಕಡಿಯ ಗುಂಡಿಗಳನ್ನು ಒತ್ತಲು ನೋಡಿತು. ಒಬ್ಬರು ಅಂಕಿ ಓದಿದರು, ಇನ್ನೊಬ್ಬರು ಬಗ್ಗಿ ಮತ್ತೆ ಓದಿದರು.

“ಹತ್ತು ಕಿಲೋ ಇನ್ನೂರು.”

“ಪಾಯಿಂಟ್ ಫೈವ್ ಒನ್.”